ಡ್ರೈವರ್ ಪೋರ್ಟ್ ಮಾಡುವಾಗ ಮೂಲ ಲೈಸೆನ್ಸ್ ತೆಗೆಯಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವ ಒಂದು ಚಿಪ್‌ಗೆ ಓಪನ್‌ಬಿಎಸ್‌ಡಿಯಲ್ಲಿ (ಲಿನಕ್ಸ್‌ನಂತಹ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ) ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಇದೆ, ಲಿನಕ್ಸ್‌ನಲ್ಲಿ ಇಲ್ಲ. ಅದನ್ನು ಲಿನಕ್ಸ್‌ಗೆ ತರಬೇಕೆಂದಿದ್ದೇನೆ. ಮೂಲ ಫೈಲುಗಳು ಉದಾರವಾದ ಐಎಸ್‌ಸಿ ಲೈಸೆನ್ಸಿನಲ್ಲಿವೆ; ಲಿನಕ್ಸ್‌ನ ತಿರುಳಾದ ಕರ್ನಲ್, ತಿದ್ದಿ ಹಂಚಿದ ಪ್ರತಿಯೂ ಅದೇ ಲೈಸೆನ್ಸಿನಲ್ಲಿರಬೇಕೆನ್ನುವ ಜಿಪಿಎಲ್ 2ನೇ ಆವೃತ್ತಿಯಲ್ಲಿದೆ. ಅರ್ಧದಷ್ಟು ಕೋಡನ್ನು ನಾನೇ ಹೊಸದಾಗಿ ಬರೆಯಬೇಕಾಗುವುದರಿಂದ, ಹಳೆಯ ಲೈಸೆನ್ಸ್ ತೆಗೆದು ಜಿಪಿಎಲ್ ಹಾಕಿದರೆ ತಪ್ಪಾಗುತ್ತದೆಯೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ಐಎಸ್‌ಸಿ ಲೈಸೆನ್ಸ್ ಬಳಸಲು, ತಿದ್ದಲು, ಹಂಚಲು ಅನುಮತಿ ಕೊಟ್ಟು ಅದಕ್ಕೆ ಪ್ರತಿಯಾಗಿ ಕೇಳುವುದು ಒಂದನ್ನೇ: ಹಕ್ಕುಸ್ವಾಮ್ಯದ ಸಾಲೂ ಈ ಅನುಮತಿಯ ಬರಹವೂ ಎಲ್ಲ ಪ್ರತಿಗಳಲ್ಲಿ ಉಳಿಯಬೇಕು. ಆ ಒಂದು ಷರತ್ತನ್ನೇ ಮುರಿದರೆ ನಿಮಗೆ ಸಿಕ್ಕ ಅನುಮತಿಗೆ ಆಧಾರವೇ ಇರುವುದಿಲ್ಲ.

ಇದೇ ವಿಷಯ 2007ರಲ್ಲಿ ದೊಡ್ಡ ವಿವಾದವಾಗಿತ್ತು. ಅಥೆರಾಸ್ ವೈಫೈ ಚಿಪ್‌ಗಳಿಗೆ ರೈಕ್ ಫ್ಲೋಯ್ಟರ್ ಅವರು ಓಪನ್‌ಬಿಎಸ್‌ಡಿಗಾಗಿ ಬರೆದಿದ್ದ ಕೋಡನ್ನು ಲಿನಕ್ಸ್‌ಗೆ ತರುವಾಗ, ಪ್ರಸ್ತಾಪಿಸಲಾದ ಒಂದು ತಿದ್ದುಪಡಿಯಲ್ಲಿ ಐಎಸ್‌ಸಿ ಬರಹವನ್ನು ತೆಗೆದು ಜಿಪಿಎಲ್ ಹಾಕಲಾಗಿತ್ತು. ಓಪನ್‌ಬಿಎಸ್‌ಡಿಯವರು ತೀವ್ರವಾಗಿ ಆಕ್ಷೇಪಿಸಿದರು. ಮುಕ್ತ ತಂತ್ರಾಂಶದವರಿಗೆ ಕಾನೂನು ನೆರವು ನೀಡುವ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅದೇ ವರ್ಷ, ಜಿಪಿಎಲ್ ಯೋಜನೆಯೊಳಗೆ ಇಂತಹ ಉದಾರ ಲೈಸೆನ್ಸಿನ ಫೈಲುಗಳನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಮಾರ್ಗಸೂಚಿ ಪ್ರಕಟಿಸಿತು. ಇಂದಿಗೂ ಆ ಚಿಪ್‌ಗಳಿಗಾಗಿ ಲಿನಕ್ಸ್‌ನಲ್ಲಿರುವ ಎಟಿಎಚ್5ಕೆ ಡ್ರೈವರಿನಲ್ಲಿ ಫ್ಲೋಯ್ಟರ್ ಅವರ ಹೆಸರೂ ಐಎಸ್‌ಸಿ ಬರಹವೂ ಫೈಲುಗಳ ತಲೆಯಲ್ಲಿ ಹಾಗೆಯೇ ಇವೆ.

ನೀವೂ ಹಾಗೆಯೇ ಮಾಡಿ. ಮೂಲ ಬರಹದ ಕೆಳಗೆ ನಿಮ್ಮ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಿ, ನಿಮ್ಮ ತಿದ್ದುಪಡಿಗಳನ್ನೂ ಐಎಸ್‌ಸಿಯಲ್ಲೇ ಕೊಡಿ. ಹೀಗೆ ಮಾಡುವುದಕ್ಕೆ ಜಿಪಿಎಲ್ ಅಡ್ಡಿಯಾಗುವುದಿಲ್ಲ. ನಿಮ್ಮ ಭಾಗವನ್ನು ಜಿಪಿಎಲ್‌ನಲ್ಲಿ ಇಡುವುದಕ್ಕೂ ಕಾನೂನಿನ ತಡೆಯಿಲ್ಲ, ಆದರೆ ಆಗ ನೀವು ಸರಿಪಡಿಸಿದ ದೋಷದ ಪ್ರಯೋಜನ ಮೂಲ ಲೇಖಕರಿಗೆ ಮರಳಿ ಸಿಗುವುದಿಲ್ಲ. ಚಿಪ್ಪಿನ ಒಳಗುಟ್ಟನ್ನು ಕಷ್ಟಪಟ್ಟು ಬಿಡಿಸಿಕೊಟ್ಟವರಿಗೆ ಹೀಗೆ ಬಾಗಿಲು ಹಾಕುವುದು ನನಗೆ ಸರಿಯೆನಿಸುವುದಿಲ್ಲ.

ಮರುಪ್ರಶ್ನೆ: ಧನ್ಯವಾದ ಮೇಡಂ. ದಿಕ್ಕು ತಿರುಗಿಸಿದರೆ? ಲಿನಕ್ಸ್‌ನ ಜಿಪಿಎಲ್ ಡ್ರೈವರನ್ನು ಓದಿಕೊಂಡು ಬಿಎಸ್‌ಡಿಗೆ ಬೇರೆಯಾಗಿ ಬರೆಯಬಹುದೇ?

ಉತ್ತರ: ಇಲ್ಲಿ ಹೆಚ್ಚು ಎಚ್ಚರ ಬೇಕು. ಯಾವ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಪುಟ್ಟ ಸ್ಮೃತಿಕೋಶ) ಯಾವ ಮೌಲ್ಯ ಬರೆದರೆ ಚಿಪ್ ಎಚ್ಚರಗೊಳ್ಳುತ್ತದೆ ಎಂಬುದು ಹಾರ್ಡ್‌ವೇರಿನ ಸಂಗತಿ, ಅದು ಯಾರ ಸ್ವತ್ತೂ ಅಲ್ಲ. ಆದರೆ ಫಂಕ್ಷನ್‌ಗಳನ್ನು ವಿಂಗಡಿಸಿದ ರೀತಿ, ಕೋಡಿನ ಜೋಡಣೆ, ಟಿಪ್ಪಣಿಗಳ ಮಾತು ಇವು ಬರೆದವರ ಅಭಿವ್ಯಕ್ತಿ. ಎದುರಿಗೆ ಫೈಲ್ ತೆರೆದಿಟ್ಟುಕೊಂಡು ಬರೆದಾಗ ಈ ಎರಡನೆಯದು ತಿಳಿಯದೆಯೇ ನುಸುಳಿಬಿಡುತ್ತದೆ. ಒಮ್ಮೆ ನಾನು ಪರಿಶೀಲಿಸಿದ ಡ್ರೈವರಿನಲ್ಲಿ ಎಲ್ಲ ಹೆಸರುಗಳನ್ನೂ ಬದಲಿಸಿದ್ದರು, ಆದರೆ ಮೂಲದ ಟಿಪ್ಪಣಿಯೊಂದರಲ್ಲಿದ್ದ ಕಾಗುಣಿತದ ತಪ್ಪು ಮಾತ್ರ ಹಾಗೆಯೇ ಉಳಿದಿತ್ತು. ಆ ಫೈಲನ್ನು ಪೂರ್ತಿ ಕೈಬಿಡಬೇಕಾಯಿತು.

2007ರಲ್ಲಿಯೇ ಓಪನ್‌ಬಿಎಸ್‌ಡಿಯ ಬ್ರಾಡ್‌ಕಾಮ್ ವೈಫೈ ಡ್ರೈವರಿನಲ್ಲಿ ಲಿನಕ್ಸ್‌ನ ಜಿಪಿಎಲ್ ಕೋಡ್ ಇರುವುದು ಬೆಳಕಿಗೆ ಬಂದು, ಅದನ್ನು ತೆಗೆದುಹಾಕಬೇಕಾಯಿತು. ವಿಶೇಷವೆಂದರೆ ಆ ಲಿನಕ್ಸ್ ಡ್ರೈವರನ್ನು ಶುದ್ಧವಾದ ಕ್ರಮದಲ್ಲಿ ಬರೆಯಲಾಗಿತ್ತು: ಒಂದು ತಂಡ ತಯಾರಕರ ಡ್ರೈವರನ್ನು ಬಿಡಿಸಿ ನೋಡಿ ವಿವರಣೆಯನ್ನಷ್ಟೇ ದಾಖಲಿಸಿತು, ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಓದಿ ಕೋಡ್ ಬರೆಯಿತು. ಸಾಧ್ಯವಾದರೆ ನೀವೂ ಒಬ್ಬ ಸ್ನೇಹಿತರೊಡನೆ ಕೆಲಸವನ್ನು ಹೀಗೆಯೇ ಹಂಚಿಕೊಳ್ಳಿ.

ಅದಕ್ಕೂ ಮೊದಲು ಫೈಲಿನ ಮೊದಲ ಸಾಲನ್ನು ನೋಡಿ, ಏಕೆಂದರೆ ಕರ್ನಲ್ಲಿನಲ್ಲಿರುವುದೆಲ್ಲ ಬರೀ ಜಿಪಿಎಲ್ ಅಲ್ಲ. ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಬಹುಪಾಲು ಐಎಸ್‌ಸಿಯಂತೆಯೇ ಉದಾರವಾದ ಎಂಐಟಿ ಲೈಸೆನ್ಸಿನಲ್ಲಿರುವುದರಿಂದಲೇ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎರಡೂ ಅದನ್ನು ಬಳಸುತ್ತಿವೆ. ನಿಮ್ಮ ಡ್ರೈವರಿನ ಎಸ್‌ಪಿಡಿಎಕ್ಸ್ ಸಾಲಿನಲ್ಲಿ (ಲೈಸೆನ್ಸಿನ ಹೆಸರು ಹೇಳುವ ಆ ಮೊದಲ ಸಾಲು) ಏನಿದೆಯೆಂದು ಇಲ್ಲಿ ಹಾಕಿ, ಮುಂದಿನ ದಾರಿಯನ್ನು ಅದನ್ನು ನೋಡಿ ಹೇಳುತ್ತೇನೆ.