ರಿಪೇರಿ ಆದ್ಮೇಲೆ ಲ್ಯಾಟಿಟ್ಯೂಡ್ 5490 ಆನ್ ಆಗ್ತಿಲ್ಲ, ಲೈಟ್ ಮಾತ್ರ ಮಿಣುಕ್ತಿದೆ

ಬೆಣ್ಣೆದೋಸೆ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ತಂಗಿ ಓದಿಗೆ ಅಂತ ಬೆಂಗಳೂರು ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಡೆಲ್ ಲ್ಯಾಟಿಟ್ಯೂಡ್ 5490 ತಗೊಂಡಿದ್ವಿ, ಐ5 8ನೇ ಜನರೇಷನ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಚೆನ್ನಾಗೇ ಓಡ್ತಿತ್ತು. ಆಮೇಲೆ ಒಂದು ಕಡೆ ಹಿಂಜ್ ಕಿತ್ಕೊಂಡು ಬಂತು, ಕೀಬೋರ್ಡಲ್ಲೂ ಕೆಲವು ಕೀ ಸತ್ತಿದ್ವು, ಅದಕ್ಕೆ ಊರಲ್ಲೇ ಒಂದು ಅಂಗಡೀಲಿ ಕೊಟ್ಟು ಎರಡೂ ಹಾಕಿಸಿದ್ವಿ. ಮನೆಗೆ ತಂದು ಪವರ್ ಬಟನ್ ಒತ್ತಿದ್ರೆ ಫ್ಯಾನ್ ಒಂದ್ಸಲ ಸುಯ್ ಅನ್ನತ್ತೆ, ಸ್ಕ್ರೀನ್ ಕಪ್ಪು, ಬ್ಯಾಟರಿ ಲೈಟ್ ಒಮ್ಮೆ ಕೇಸರಿ ಒಮ್ಮೆ ಬಿಳಿ ಮಿಣುಕ್ತಾ ಇರತ್ತೆ. ವಾಪಸ್ ತಗೊಂಡೋದ್ರೆ ಅಂಗಡಿಯವ್ರು ಮದರ್‌ಬೋರ್ಡ್ ಹೋಗಿದೆ ಹಳೇ ಮಾಲು ಹಂಗೇ ಅಂತಿದಾರೆ, ಅವ್ರು ಹೇಳೋ ರೇಟಿಗೆ ಇನ್ನೊಂದು ಹಳೇ ಲ್ಯಾಪ್‌ಟಾಪೇ ಬರತ್ತೆ. ತಂಗಿ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಅದರಲ್ಲೇ ಇದೆ, ಬ್ಯಾಕಪ್ ಇಲ್ಲ. ಏನ್ ಮಾಡೋದು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಹುಡುಗ:
ಬೋರ್ಡಿಗೆ ಈಗ್ಲೇ ರೊಕ್ಕ ಕೊಡಬ್ಯಾಡ್ರಿ ಅಣ್ಣಾರ. ಆ ಲೈಟ್ ಸುಮ್ಮನ ಮಿಣಕೂದಿಲ್ಲ, ಏನು ಕೆಟ್ಟದ ಅಂತ ಅದ ಹೇಳತೈತಿ. ಕೇಸರಿ ಎಷ್ಟ್ ಸಲ, ಬಿಳಿ ಎಷ್ಟ್ ಸಲ ಎಣಿಸ್ರಿ, ಕಣ್ಣಿಗೆ ಸಿಗಲಿಲ್ಲಂದ್ರ ಮೊಬೈಲ್‌ನಾಗ ವಿಡಿಯೋ ತಗದು ಸಾವಕಾಶ ನೋಡ್ರಿ. ಕೇಸರಿ 2 ಬಿಳಿ 1 ಅಂದ್ರ ಸಿಪಿಯು, 2-2 ಅಂದ್ರ ಬೋರ್ಡ್ ಇಲ್ಲಾ ಬಯೋಸ್ (ಆನ್ ಮಾಡಿದಾಗ ಮೊದಲ ಓಡೂ ಬೋರ್ಡಿನ ಪ್ರೋಗ್ರಾಂ), 2-3 ಅಂದ್ರ ರ‍್ಯಾಮ್ ಸಿಗವಲ್ದು, 2-7 ಅಂದ್ರ ಡಿಸ್‌ಪ್ಲೇ.

ಬೆಣ್ಣೆದೋಸೆ_ದಾವಣಗೆರೆ:
ವಿಡಿಯೋ ಮಾಡಿ ನೋಡ್ದೆ. ಕೇಸರಿ 2, ಬಿಳಿ 3, ಸ್ವಲ್ಪ ಗ್ಯಾಪ್, ಮತ್ತೆ ಅದೇ.

ಐರನ್_ಪೆಟ್ಟಿಗೆ:
ನಾನು ಮೈಸೂರಲ್ಲಿ ಸರ್ವಿಸ್ ಲೈನಲ್ಲೇ ಇರೋದು. 2-3 ಬಂದಿದ್ದು ಒಳ್ಳೇದೇ ಆಯ್ತು, ರ‍್ಯಾಮ್ ಸರಿಯಾಗಿ ಕೂತಿಲ್ಲ ಅನ್ನೋದೇ ಮೊದಲ ಅನುಮಾನ. ಚೆನ್ನಾಗಿದ್ದ ಮಷೀನು ರಿಪೇರಿ ಆಗಿ ಬಂದ ತಕ್ಷಣ ಕೆಟ್ರೆ ಎಲ್ಲೆಲ್ಲಿ ಕೈ ಹೋಗಿದೆ ಅಲ್ಲೇ ಮೊದ್ಲು ಹುಡುಕ್ಬೇಕು, ಹಿಂಜ್ ಕೀಬೋರ್ಡ್ ಕೆಲಸಕ್ಕೆ ಒಳಗಿಂದು ಸುಮಾರಷ್ಟು ಬಿಚ್ಚಿರ್ತಾರೆ.

ಚಾರ್ಜರ್ ತೆಗೀರಿ, ತಳದ ಕವರ್ ಬಿಚ್ಚಿ, ಬೇರೆ ಏನನ್ನೂ ಮುಟ್ಟೋ ಮೊದ್ಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಇದನ್ನ ಮಾತ್ರ ಮರೀಬೇಡಿ, ಕರೆಂಟ್ ಇರುವಾಗ ರ‍್ಯಾಮ್ ಎಳೆದ್ರೆ ಇರೋ ಬೋರ್ಡೂ ಹೋಗತ್ತೆ. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡ್ಕೊಳಿ, ಉಳಿದ ಚಾರ್ಜ್ ಇಳೀಲಿ. ರ‍್ಯಾಮಿನ ಎರಡೂ ಕಡೆ ಕ್ಲಿಪ್ ಅಗಲಿಸಿದ್ರೆ ಅದೇ ಮೇಲಕ್ಕೆ ಏಳತ್ತೆ, ಚಿನ್ನದ ಬಣ್ಣದ ಕಾಲುಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಇಲ್ಲಾಂದ್ರೆ ಮೆತ್ತಗಿನ ರಬ್ಬರಲ್ಲಿ ಉಜ್ಜಿ ಪುಡಿ ಪೂರ್ತಿ ಊದಿ ತೆಗೀರಿ. ಹಾಕುವಾಗ ಓರೆಯಾಗಿ ಕೊನೇವರೆಗೂ ತಳ್ಳಿ, ಆಮೇಲೆ ಕೆಳಗೆ ಒತ್ತಿ, ಎರಡೂ ಕ್ಲಿಪ್ ಟಕ್ ಅನ್ಬೇಕು. ಚಿನ್ನದ ಗೆರೆ ಒಂದು ಕಡೆ ಜಾಸ್ತಿ ಕಾಣ್ತಿದ್ರೆ ಇನ್ನೂ ಕೂತಿಲ್ಲ ಅಂತ. ಎರಡು ಸ್ಲಾಟ್ ಇದೆ, ಒಂದರಲ್ಲಿ ಬರ್ಲಿಲ್ಲ ಅಂದ್ರೆ ಇನ್ನೊಂದರಲ್ಲಿ ನೋಡಿ.

ಕವರ್ ತೆಗೆದಿರುವಾಗ ಸ್ಕ್ರೂಗಳನ್ನೂ ಒಮ್ಮೆ ನೋಡ್ಕೊಳಿ. ಎಲ್ಲಾ ಒಂದೇ ಉದ್ದ ಇರಲ್ಲ, ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದ್ರೆ ಬೋರ್ಡ್ ಒಳಗಿನ ಗೆರೆಗಳೇ ಕತ್ತರಿಸಿ ಹೋಗತ್ತೆ, ನಮ್ ಟೇಬಲ್ಲಿಗೆ ಅಂಥವು ಬರ್ತಾನೇ ಇರತ್ತೆ, ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ. ಎಲ್ಲಾ ಜೋಡಿಸಿ ಚಾರ್ಜರ್ ಹಾಕಿ ಆನ್ ಮಾಡಿದ್ಮೇಲೆ ಒಂದೆರಡು ನಿಮಿಷ ಕಾಯ್ರಿ. ಸ್ಕ್ರೀನ್ ಕಪ್ಪಗಿದ್ದು ತಾನೇ ಆಫ್ ಆಗಿ ಆನ್ ಆದ್ರೂ ಗಾಬರಿಯಾಗಿ ಬಟನ್ ಒತ್ತಬೇಡಿ.

ಬೆಣ್ಣೆದೋಸೆ_ದಾವಣಗೆರೆ:
ಸರ್ ಸ್ಕ್ರೀನ್ ಬಂತು!! ರ‍್ಯಾಮ್ ಒಂದು ಕಡೆ ಕ್ಲಿಪ್ಪೇ ಬಿದ್ದಿರ್ಲಿಲ್ಲ, ಕೂದಲೆಳೆಯಷ್ಟು ಮೇಲಕ್ಕೆ ನಿಂತಿತ್ತು. ಆದ್ರೆ ಈಗ ಹೊಸ ತಲೆನೋವು, ಮೊದ್ಲು ಟೈಮ್ ಆಫ್ ಡೇ ನಾಟ್ ಸೆಟ್ ಅಂತ ಬಂತು, ಕಂಟಿನ್ಯೂ ಕೊಟ್ರೆ ಡೆಲ್ ಲೋಗೋ ಬಂದು ನೀಲಿ ಸ್ಕ್ರೀನಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ತೋರ್ಸಿ ರೀಸ್ಟಾರ್ಟ್ ಆಗ್ತಾನೇ ಇದೆ. ಎಸ್‌ಎಸ್‌ಡಿನೂ ಹೋಯ್ತಾ? ಫ್ರೆಂಡ್ ಒಬ್ಬ ಫಾರ್ಮ್ಯಾಟ್ ಹೊಡಿ ಅಂತಿದಾನೆ.

ಹುಬ್ಬಳ್ಳಿ_ಹುಡುಗ:
ಫಾರ್ಮ್ಯಾಟ್ ಮಾಡಬ್ಯಾಡ್ರಿ!! ತಂಗಿ ರಿಪೋರ್ಟ್ ಒಳಗೈತಿ.

ಐರನ್_ಪೆಟ್ಟಿಗೆ:
ಎಸ್‌ಎಸ್‌ಡಿ ಸತ್ತಿದ್ರೆ ವಿಂಡೋಸಿನ ನೀಲಿ ಸ್ಕ್ರೀನ್‌ವರೆಗೂ ಬರ್ತಾನೇ ಇರ್ಲಿಲ್ಲ. ಟೈಮ್ ನಾಟ್ ಸೆಟ್ ಅಂದ್ರೆ ಬಯೋಸ್ ನೆನಪು ಅಳಿಸಿಹೋಗಿದೆ, ರಿಪೇರಿಯಲ್ಲಿ ಕಾಯಿನ್ ಸೆಲ್ (ಆ ನೆನಪು ಉಳಿಸೋ ನಾಣ್ಯದಂಥ ಚಿಕ್ಕ ಬ್ಯಾಟರಿ) ಕೇಬಲ್ ಬಿಡಿಸಿರ್ತಾರೆ ಇಲ್ಲಾ ಸೆಲ್ಲೇ ಖಾಲಿ ಆಗಿರತ್ತೆ, ಹಂಗಾದಾಗ ಸೆಟ್ಟಿಂಗ್ ಎಲ್ಲಾ ಕಂಪನಿ ಡಿಫಾಲ್ಟ್‌ಗೆ ಹೋಗತ್ತೆ. ಈ ಮಾಡೆಲಲ್ಲಿ ಡಿಫಾಲ್ಟ್ ರೇಡ್ ಆನ್, ಅದು ಡಿಸ್ಕ್ ಜೊತೆ ಮಾತಾಡೋ ಒಂದು ಮೋಡ್, ಎಎಚ್‌ಸಿಐ ಅನ್ನೋದು ಇನ್ನೊಂದು. ಸೆಕೆಂಡ್ ಹ್ಯಾಂಡ್ ಮಾರುವಾಗ ತುಂಬಾ ಜನ ಎಎಚ್‌ಸಿಐ ಮಾಡಿ ವಿಂಡೋಸ್ ಹಾಕಿರ್ತಾರೆ, ಮೋಡ್ ಬದಲಾದ್ರೆ ಆ ವಿಂಡೋಸಿಗೆ ಡಿಸ್ಕೇ ಸಿಗಲ್ಲ. ಲೋಗೋ ಬಂದಾಗ ಎಫ್2 ಒತ್ತಿ, ಸಿಸ್ಟಮ್ ಕಾನ್ಫಿಗರೇಷನ್ ಒಳಗೆ ಸಾಟಾ ಆಪರೇಷನ್ ಅಂತಿರತ್ತೆ, ರೇಡ್ ಆನ್ ಇದ್ರೆ ಎಎಚ್‌ಸಿಐ ಮಾಡಿ ಅಪ್ಲೈ ಕೊಡಿ. ಡೇಟು ಟೈಮೂ ಅಲ್ಲೇ ಸರಿ ಮಾಡ್ಬಿಡಿ. ವಿಂಡೋಸ್ ಬಿಟ್‌ಲಾಕರ್ (ಡಿಸ್ಕಿಗೆ ಹಾಕೋ ಬೀಗ) ಕೀ ಕೇಳಿದ್ರೆ ತಂಗಿಯ ಮೈಕ್ರೋಸಾಫ್ಟ್ ಅಕೌಂಟಲ್ಲಿ 48 ಅಂಕಿಯ ರಿಕವರಿ ಕೀ ಇದೆಯಾ ನೋಡಿ, ಮೊಬೈಲಲ್ಲೇ ಲಾಗಿನ್ ಆಗ್ಬಹುದು.

ಬೆಣ್ಣೆದೋಸೆ_ದಾವಣಗೆರೆ:
ಆನ್ ಆಯ್ತು ಸರ್, ರೇಡ್ ಆನೇ ಇತ್ತು. ಕೀ ಏನೂ ಕೇಳ್ಲಿಲ್ಲ, ನೇರ ಡೆಸ್ಕ್‌ಟಾಪಿಗೆ ಬಂತು. ಅವ್ಳು ಮೊದ್ಲು ರಿಪೋರ್ಟ್ ಪೆನ್ ಡ್ರೈವಿಗೆ ಹಾಕ್ಕೊಂಡ್ಳು. ಇಬ್ರಿಗೂ ತುಂಬಾ ಥ್ಯಾಂಕ್ಸ್, ಮನೇಲಿ ಎಲ್ರಿಗೂ ಜೀವ ಬಂದಂಗಾಯ್ತು. ಕಾಯಿನ್ ಸೆಲ್ ಬದಲಾಯಿಸಲೇಬೇಕಾ?

ಐರನ್_ಪೆಟ್ಟಿಗೆ:
ಅವಸರ ಇಲ್ಲ. ದೊಡ್ಡ ಬ್ಯಾಟರಿ ಚಾರ್ಜ್ ಇರೋವರೆಗೂ ಟೈಮ್ ನಿಲ್ಲತ್ತೆ. ಬ್ಯಾಟರಿ ಪೂರ್ತಿ ಖಾಲಿ ಆದಾಗ ಮತ್ತೆ ಟೈಮ್ ಕೇಳಿದ್ರೆ ಆಗ ಬದಲಾಯಿಸಿ, ವೈರ್ ಮತ್ತು ಕನೆಕ್ಟರ್ ಇರೋ ಸಿಆರ್2032 ಕೇಳಿ ತಗೊಳಿ, ಬರೀ ಸೆಲ್ ತಂದು ಅದಕ್ಕೆ ವೈರ್ ಬೆಸುಗೆ ಹಾಕೋಕೆ ಹೋಗ್ಬೇಡಿ.