ಮೂರರಿಂದ ಆರು ವರ್ಷದ ಮಕ್ಕಳ ಕುರಿತ ಸಂಶೋಧನೆ: ಹೆಸರು ತೆಗೆದರೆ ಸಾಕೇ?

ಪ್ರಶ್ನೆ ಕೇಳಿದವರು: ಕ್ಷೇತ್ರಪುಸ್ತಕ

ನಮಸ್ಕಾರ. ನಾನು ಶಾಲಾಪೂರ್ವ ಶಿಕ್ಷಣದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆಟದ ನಡುವೆ ಹುಟ್ಟುವ ಜಗಳವನ್ನು ಮೂರರಿಂದ ಆರು ವರ್ಷದ ಮಕ್ಕಳು ದೊಡ್ಡವರ ನೆರವಿಲ್ಲದೆ ಹೇಗೆ ಬಗೆಹರಿಸಿಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಎರಡು ಶಿಶುವಿಹಾರಗಳ ಒಟ್ಟು 41 ಮಕ್ಕಳನ್ನು ಆರು ತಿಂಗಳ ಕಾಲ ಗಮನಿಸಿ, ವಿಡಿಯೊ ಚಿತ್ರೀಕರಿಸಿ, ಅವರ ಮಾತುಗಳನ್ನು ಬರಹಕ್ಕಿಳಿಸಬೇಕೆಂದಿದ್ದೇನೆ. ಇದರ ಜೊತೆಗೆ ಪ್ರತಿ ಮಗುವಿನ ಜನ್ಮದಿನಾಂಕ, ಮನೆಮಾತು, ಒಡಹುಟ್ಟಿದವರ ಸಂಖ್ಯೆ, ತಂದೆತಾಯಿಯ ವಿದ್ಯಾಭ್ಯಾಸ ಮತ್ತು ಉದ್ಯೋಗ, ಮಗುವಿನ ಆರೋಗ್ಯದ ವಿವರ ಇವಿಷ್ಟನ್ನೂ ಒಂದು ನಮೂನೆಯಲ್ಲಿ ಪೋಷಕರಿಂದ ತುಂಬಿಸಿಕೊಳ್ಳುವ ಯೋಜನೆಯಿತ್ತು.

ಹೆಸರಿನ ಬದಲು ಪ್ರತಿ ಮಗುವಿಗೂ ಒಂದು ಸಂಕೇತ ಸಂಖ್ಯೆ ಕೊಡುವುದರಿಂದ ದತ್ತಾಂಶವೆಲ್ಲ ಅನಾಮಿಕವಾಗಿರುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ನೈತಿಕ ಸಮಿತಿಯವರು ಆ ವಾಕ್ಯದ ಕೆಳಗೆ ಗೆರೆ ಎಳೆದು, ‘ಇದು ಅನಾಮಿಕವಲ್ಲ, ಪರಿಷ್ಕರಿಸಿ’ ಎಂದಷ್ಟೇ ಬರೆದು ಅರ್ಜಿಯನ್ನು ಹಿಂದಿರುಗಿಸಿದ್ದಾರೆ. ಸಂಕೇತ ಸಂಖ್ಯೆ ಕೊಟ್ಟ ಮೇಲೂ ಅದೇಕೆ ಅನಾಮಿಕವಲ್ಲ? ಐದು ಮಕ್ಕಳ ಪೋಷಕರು ಸಹಿ ಹಾಕಲು ಒಪ್ಪಿಲ್ಲ. ಆ ಮಕ್ಕಳೂ ಅದೇ ಕೋಣೆಯಲ್ಲಿ ಆಡುತ್ತಿರುವಾಗ ಚಿತ್ರೀಕರಣ ಹೇಗೆ ಮಾಡಲಿ? ಪ್ರಬಂಧ ಮುಗಿದ ಮೇಲೆ ವಿಡಿಯೊಗಳನ್ನು ಇಟ್ಟುಕೊಳ್ಳಬೇಕೋ ಅಳಿಸಬೇಕೋ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಕಡತಪಾಲಕ

ಸಂಶೋಧನಾ ದತ್ತಾಂಶದ ನಿರ್ವಹಣೆಯೇ ನನ್ನ ದಿನನಿತ್ಯದ ಕೆಲಸ. ನಿಮ್ಮ ಅರ್ಜಿಯಲ್ಲಿದ್ದಂತಹ ವಾಕ್ಯವನ್ನು ತಿಂಗಳಿಗೆ ಎರಡು ಬಾರಿಯಾದರೂ ಓದುತ್ತೇನೆ, ಹಾಗಾಗಿ ಬೇಸರ ಪಟ್ಟುಕೊಳ್ಳಬೇಡಿ. ಸಮಿತಿಯ ಮಾತು ಸರಿ.

ಯಾವ ಸಂಖ್ಯೆ ಯಾವ ಮಗುವಿನದು ಎಂಬ ಪಟ್ಟಿ ನಿಮ್ಮಲ್ಲಿಯೋ ಶಿಶುವಿಹಾರದಲ್ಲಿಯೋ ಇರುವವರೆಗೆ ಆ ದತ್ತಾಂಶ ವೈಯಕ್ತಿಕ ದತ್ತಾಂಶವೇ ಆಗಿರುತ್ತದೆ. ಹೆಸರಿಗೆ ಮುಸುಕು ಹಾಕಿದ್ದೀರಿ, ಅಷ್ಟೆ. ಜಿಡಿಪಿಆರ್ ಎಂದು ಕರೆಯಲಾಗುವ, 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮಾವಳಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿಯೇ ಗುರುತಿಸುತ್ತದೆ. ಬೇರೊಂದು ಮಾಹಿತಿಯ ಜೊತೆ ಸೇರಿಸಿದಾಗ ವ್ಯಕ್ತಿಯ ಗುರುತು ಸಿಗುವುದಾದರೆ ಅದು ಗುಪ್ತನಾಮದ ದತ್ತಾಂಶ, ಮತ್ತು ಸಂರಕ್ಷಣೆಯ ಎಲ್ಲ ಹೊಣೆಗಳೂ ಅದಕ್ಕೆ ಅನ್ವಯಿಸುತ್ತವೆ.

ಪಟ್ಟಿಯನ್ನು ಸುಟ್ಟುಹಾಕಿದರೆ ಮುಗಿಯಿತಲ್ಲವೇ ಎಂದು ನೀವು ಕೇಳಬಹುದು. ಮುಗಿಯುವುದಿಲ್ಲ. ಅಮೆರಿಕದ ಜನಸಂಖ್ಯೆಯ ಸುಮಾರು 87 ಶೇಕಡಾ ಜನರನ್ನು ಜನ್ಮದಿನಾಂಕ, ಲಿಂಗ ಮತ್ತು ಐದು ಅಂಕಿಯ ಪಿನ್ ಸಂಖ್ಯೆ ಎಂಬ ಮೂರೇ ವಿವರಗಳಿಂದ ಬೇರ್ಪಡಿಸಿ ಗುರುತಿಸಬಹುದು ಎಂದು ಗಣಕ ವಿಜ್ಞಾನಿ ಲತಾನ್ಯಾ ಸ್ವೀನಿಯವರು 2000ದಲ್ಲಿ ತೋರಿಸಿದ್ದರು. ಅದು ಇಡೀ ದೇಶದ ಲೆಕ್ಕ. ನಿಮ್ಮದು ಇಪ್ಪತ್ತು ಮಕ್ಕಳ ಕೋಣೆ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಇಂಥದೊಂದು ಸಾಲು ಬರುತ್ತದೆ ಎಂದಿಟ್ಟುಕೊಳ್ಳಿ: ‘ಮ-17, ಬಾಲಕಿ, 4 ವರ್ಷ 2 ತಿಂಗಳು, ಅವಳಿ, ಶ್ರವಣ ಸಾಧನ ಬಳಸುತ್ತಾಳೆ, ತಾಯಿ ದಂತವೈದ್ಯೆ.’ ಸಂಜೆ ಮಕ್ಕಳನ್ನು ಕರೆದೊಯ್ಯಲು ಗೇಟಿನ ಬಳಿ ನಿಲ್ಲುವ ಯಾವ ಪೋಷಕರಿಗೆ ಬೇಕಾದರೂ ಈ ಸಾಲನ್ನು ತೋರಿಸಿ, ಮಗುವಿನ ಹೆಸರು ಆ ಕ್ಷಣವೇ ಅವರ ಬಾಯಿಗೆ ಬರುತ್ತದೆ.

ಆದ್ದರಿಂದ ನಮೂನೆಯ ಪ್ರತಿಯೊಂದು ಕಾಲಂ ಮುಂದೆಯೂ ನಿಂತು, ಜಗಳ ಬಗೆಹರಿಯುವ ಬಗೆಯನ್ನು ತಿಳಿಯಲು ಇದು ಬೇಕೇ ಬೇಕೇ ಎಂದು ಕೇಳಿಕೊಳ್ಳಿ. ತಾಯಿಯ ಉದ್ಯೋಗ ನಿಮಗೆ ಯಾವ ಕೆಲಸಕ್ಕೆ? ಆರೋಗ್ಯದ ವಿವರ ಜಿಡಿಪಿಆರ್‌ನಲ್ಲಿ ವಿಶೇಷ ರಕ್ಷಣೆ ಪಡೆದ ವರ್ಗಕ್ಕೆ ಸೇರಿದ್ದು. ಮುಂದೆಂದಾದರೂ ಉಪಯೋಗಕ್ಕೆ ಬಂದೀತು ಎಂಬ ಆಸೆಯಿಂದ ಅದನ್ನು ಸಂಗ್ರಹಿಸಕೂಡದು. ಜನ್ಮದಿನಾಂಕದಿಂದ ವಯಸ್ಸನ್ನು ತಿಂಗಳುಗಳಲ್ಲಿ ಲೆಕ್ಕ ಹಾಕಿಕೊಂಡು ಮೂಲ ದಿನಾಂಕವನ್ನು ಅಳಿಸಿಬಿಡಿ. ಇಲ್ಲೊಂದು ಕಣ್ತಪ್ಪುವ ಅಂಶವಿದೆ. ವಯಸ್ಸಿನ ಪಕ್ಕದಲ್ಲೇ ವೀಕ್ಷಣೆಯ ದಿನಾಂಕವನ್ನೂ ಬರೆದಿಟ್ಟರೆ ಹುಟ್ಟಿದ ತಿಂಗಳನ್ನು ಯಾರು ಬೇಕಾದರೂ ಕಳೆದು ನೋಡಬಹುದು, ಮತ್ತು ವೀಕ್ಷಣೆಗಳು ಹಲವಾದಷ್ಟೂ ಆ ಅಂದಾಜು ಬಿಗಿಯಾಗುತ್ತದೆ. ಹಾಗಾಗಿ ದಿನಾಂಕದ ಬದಲು ‘ಏಳನೆಯ ವಾರ’ ಎಂದು ಬರೆಯುವುದು ಒಳ್ಳೆಯದು.

ಒಂದೇ ಬಗೆಯ ವಿವರಗಳುಳ್ಳ ಕನಿಷ್ಠ ಇಂತಿಷ್ಟು ಜನ ಇರುವಂತೆ ದತ್ತಾಂಶವನ್ನು ಗುಂಪು ಮಾಡುವ ‘ಕೆ-ಅನಾಮಿಕತೆ’ ಎಂಬ ವಿಧಾನವಿದೆ. ಆದರೆ 41 ಮಕ್ಕಳಿಗೆ ಐದಾರು ವಿವರಗಳಿದ್ದರೆ ಹೇಗೆ ಗುಂಪು ಮಾಡಿದರೂ ಒಂಟಿಯಾಗಿ ಉಳಿಯುವ ಮಕ್ಕಳು ಇದ್ದೇ ಇರುತ್ತಾರೆ. ಪ್ರಬಂಧದಲ್ಲಿ ಮಗುವಿಗೊಂದು ಸಾಲಿನ ಕೋಷ್ಟಕವನ್ನೇ ಕೊಡಬೇಡಿ. ಮನೆಮಾತಿನ ಎಣಿಕೆ ಒಂದು ಕಡೆ, ವಯಸ್ಸಿನ ಎಣಿಕೆ ಇನ್ನೊಂದು ಕಡೆ ಇರಲಿ.

ಸಂಗ್ರಹದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಯಾವ ಸಂಖ್ಯೆ ಯಾವ ಮಗುವಿನದು ಎಂಬ ಕೀಲಿಪಟ್ಟಿ ಒಂದು ಜಾಗದಲ್ಲಿ, ದತ್ತಾಂಶ ಇನ್ನೊಂದು ಜಾಗದಲ್ಲಿ, ಎರಡೂ ಎನ್‌ಕ್ರಿಪ್ಟ್ ಆಗಿರಲಿ. ಸ್ವಂತ ಮೊಬೈಲಿನಲ್ಲಿ ಚಿತ್ರೀಕರಿಸಬೇಡಿ. ಹಿಂದೊಮ್ಮೆ ನಾನು ನೆರವಾಗುತ್ತಿದ್ದ ಯೋಜನೆಯೊಂದರಲ್ಲಿ ಕ್ಷೇತ್ರ ಸಹಾಯಕರ ಫೋನಿನ ಚಿತ್ರಗಳೆಲ್ಲ ತಾವಾಗಿಯೇ ಕ್ಲೌಡ್‌ಗೆ ಏರಿ, ಅದೇ ಖಾತೆಯನ್ನು ಹಂಚಿಕೊಂಡಿದ್ದ ಅವರ ಮನೆಯವರ ಟ್ಯಾಬ್ಲೆಟ್‌ನಲ್ಲಿ ಕಾಣಿಸಿಕೊಂಡಿದ್ದವು. ಕದ್ದವರು ಯಾರೂ ಇರಲಿಲ್ಲ, ಆದರೂ ಮೂವತ್ತು ಕುಟುಂಬಗಳಿಗೆ ಪತ್ರ ಬರೆದು ತಿಳಿಸಬೇಕಾಯಿತು.

ಉತ್ತರ: ಶಿಶುವಿಹಾರದ ಶಿಕ್ಷಕಿ

ನಾನು ಸಂಶೋಧಕಿಯಲ್ಲ, ಸಂಶೋಧಕರು ಬಂದು ಹೋಗುವ ಕೋಣೆಯಲ್ಲಿ ದಿನವಿಡೀ ಇರುವವಳು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕೋಣೆಯ ನೆಲದ ಮೇಲೆಯೇ ಇದೆ. ಕ್ಯಾಮೆರಾವನ್ನು ಒಂದು ಮೂಲೆಯಲ್ಲಿ ಸ್ಥಿರವಾಗಿ ನಿಲ್ಲಿಸಿ, ಅದರ ಕಣ್ಣಿಗೆ ಬೀಳುವ ಭಾಗದ ಅಂಚಿಗೆ ಬಣ್ಣದ ಟೇಪು ಅಂಟಿಸಿ. ಒಳಗೆ ಏನು ಕಾಣುತ್ತದೆ, ಹೊರಗೆ ಏನು ಕಾಣುವುದಿಲ್ಲ ಎಂಬುದು ನಿಮಗೂ ನಮಗೂ ಗೊತ್ತಿರುತ್ತದೆ. ದಿಮ್ಮಿಗಳ ಆಟ ಎರಡೂ ಬದಿಗಳಲ್ಲಿ ಇರುವಂತೆ ನಾವು ನೋಡಿಕೊಳ್ಳುತ್ತೇವೆ. ಸಹಿಯಿಲ್ಲದ ಮಗು ಟೇಪು ದಾಟಿ ಬಂದರೆ ಅದನ್ನು ಆಚೆಗೆ ಎಳೆಯಬೇಡಿ. ಕ್ಯಾಮೆರಾವನ್ನು ನಿಲ್ಲಿಸಿ, ಇಲ್ಲವೇ ಆ ಭಾಗವನ್ನು ಅದೇ ದಿನ ಕತ್ತರಿಸಿ ತೆಗೆಯಿರಿ. ಅಪ್ಪ ಅಮ್ಮ ಸಹಿ ಹಾಕಲಿಲ್ಲವೆಂದು ಮಗುವಿಗೆ ಆ ದಿನದ ಒಳ್ಳೆಯ ಆಟ ತಪ್ಪಿದರೆ, ಅದನ್ನು ಮಗು ಮನೆಯಲ್ಲಿ ಹೇಳುತ್ತದೆ, ಮತ್ತು ಆ ಮೇಲೆ ಪೋಷಕರು ಹಾಕುವ ಸಹಿ ಮನಸ್ಸಿನಿಂದ ಬಂದದ್ದಾಗಿರುವುದಿಲ್ಲ.

ಮಕ್ಕಳ ಮುಖಕ್ಕಿಂತ ಗೋಡೆಗಳೇ ಹೆಚ್ಚು ಮಾತಾಡುತ್ತವೆ ಎಂಬುದನ್ನು ಬಂದವರು ಗಮನಿಸುವುದಿಲ್ಲ. ನನ್ನ ತರಗತಿಯ ಒಂದು ಗೋಡೆಯ ಮೇಲೆ ಹುಟ್ಟುಹಬ್ಬದ ಪಟ್ಟಿ ಇದೆ, ಚೀಲ ನೇತುಹಾಕುವ ಪ್ರತಿ ಕೊಕ್ಕೆಯ ಮೇಲೂ ಭಾವಚಿತ್ರದೊಂದಿಗೆ ಹೆಸರಿದೆ, ಅಡುಗೆಮನೆಯ ಬಾಗಿಲಿಗೆ ಯಾವ ಮಗುವಿಗೆ ಯಾವ ಆಹಾರ ಅಲರ್ಜಿ ಎಂಬ ಹಾಳೆ ಅಂಟಿಸಿದೆ. ನೀವು ಮುಖಗಳನ್ನೆಲ್ಲ ಮಸುಕುಗೊಳಿಸಿದರೂ ಇವು ಅಚ್ಚುಕಟ್ಟಾಗಿ ಉಳಿದಿರುತ್ತವೆ. ಚಿತ್ರಗಳ ಹಿಂಬದಿಯಲ್ಲಿ ನಾವು ಹೆಸರು ಬರೆದಿರುತ್ತೇವೆ, ಸ್ಕ್ಯಾನ್ ಮಾಡುವಾಗ ತೆಳು ಕಾಗದದಲ್ಲಿ ಅದು ಮೂಡುತ್ತದೆ.

ಇನ್ನೊಂದು ಮಾತು. ಪೋಷಕರ ಸಹಿ ಇದ್ದರೂ ಮಗು ಬೇಡವೆನ್ನಬಹುದು, ಆದರೆ ಮೂರು ವರ್ಷದ ಮಗು ‘ಬೇಡ’ ಎಂಬ ಪದವನ್ನೇ ಬಳಸುತ್ತದೆಂದು ಕಾಯಬೇಡಿ. ಕಳೆದ ವರ್ಷ ಬಂದಿದ್ದ ಸಂಶೋಧಕಿಯೊಬ್ಬರ ಮುಂದೆ ಒಬ್ಬ ಹುಡುಗ ಎರಡು ಬಾರಿ ಬೆನ್ನು ತಿರುಗಿಸಿ ಕುಳಿತ, ಮೂರನೆಯ ಬಾರಿ ಎದ್ದು ಬಂದು ಲೆನ್ಸಿನ ಮೇಲೆ ಅಂಗೈ ಇಟ್ಟ. ಆಕೆ ನಕ್ಕು ಕೈ ಸರಿಸಿ ಚಿತ್ರೀಕರಣ ಮುಂದುವರಿಸಿದರು. ಆ ಅಂಗೈಯೇ ಅವನ ಉತ್ತರವಾಗಿತ್ತು.

ಮತ್ತೆ: ಕ್ಷೇತ್ರಪುಸ್ತಕ

ಇಬ್ಬರಿಗೂ ಧನ್ಯವಾದಗಳು. ನಮೂನೆಯಿಂದ ಉದ್ಯೋಗ ಮತ್ತು ಆರೋಗ್ಯದ ಕಾಲಂಗಳನ್ನು ಕಿತ್ತುಹಾಕಿದೆ. ಅವನ್ನು ಯಾಕೆ ಸೇರಿಸಿದ್ದೆ ಎಂದು ಯೋಚಿಸಿದರೆ, ಹಳೆಯ ಪ್ರಬಂಧವೊಂದರ ನಮೂನೆಯಿಂದ ನಕಲು ಮಾಡಿಕೊಂಡಿದ್ದೆ ಎಂಬುದಲ್ಲದೆ ಬೇರೆ ಕಾರಣ ಹೊಳೆಯಲಿಲ್ಲ. ಒಂದು ಸಣ್ಣ ಸಂದೇಹ. ಧ್ವನಿಯನ್ನು ಬರಹಕ್ಕಿಳಿಸಲು ಆನ್‌ಲೈನ್‌ನಲ್ಲಿ ಉಚಿತ ಸೌಲಭ್ಯಗಳಿವೆಯಲ್ಲ, ಅವನ್ನು ಬಳಸಬಹುದೇ?

ಉತ್ತರ: ಹಳೆಯ ಮಾರ್ಗದರ್ಶಕಿ

ಕೊನೆಯ ಸಂದೇಹದಿಂದಲೇ ಆರಂಭಿಸುತ್ತೇನೆ. ಮಕ್ಕಳ ಧ್ವನಿಯನ್ನು ಅಂಥ ಸೌಲಭ್ಯಕ್ಕೆ ಹಾಕಿದರೆ ಪೋಷಕರಿಗೆ ತಿಳಿಸಿರದ ಮೂರನೆಯವರ ಕೈಗೆ ಕೊಟ್ಟಂತಾಗುತ್ತದೆ. ಕಡತ ಅಲ್ಲಿ ಎಷ್ಟು ದಿನ ಉಳಿಯುತ್ತದೆ, ಯಾವ ದೇಶದ ಸರ್ವರಿನಲ್ಲಿರುತ್ತದೆ, ತಮ್ಮ ಯಂತ್ರಕ್ಕೆ ಕಲಿಸಲು ಅವರು ಅದನ್ನು ಬಳಸುತ್ತಾರೆಯೇ ಎಂಬುದಕ್ಕೆ ಲಿಖಿತ ಒಪ್ಪಂದ ನಿಮ್ಮ ಸಂಸ್ಥೆಯ ಬಳಿ ಇಲ್ಲದಿದ್ದರೆ ಬೇಡ. ನಿಮ್ಮ ಕಂಪ್ಯೂಟರಿನಲ್ಲಿಯೇ, ಇಂಟರ್‌ನೆಟ್ ಇಲ್ಲದೆ ನಡೆಯುವ ತಂತ್ರಾಂಶಗಳಿವೆ. ಹೇಗೂ ಇಷ್ಟು ಸಣ್ಣ ಮಕ್ಕಳ ತೊದಲು ಮಾತನ್ನು ಯಂತ್ರ ಸರಿಯಾಗಿ ಹಿಡಿಯುವುದಿಲ್ಲ, ಕೂತು ಕೇಳಲೇಬೇಕು.

ಪೋಷಕರ ಸಮ್ಮತಿ ಯಾವ ವಯಸ್ಸಿನವರೆಗೆ ಬೇಕು ಎಂಬ ಕಾನೂನಿನ ಮಿತಿಗಳ ಬಗ್ಗೆ ಒಂದು ಗೊಂದಲ ಎಲ್ಲೆಡೆ ಇದೆ. ಅಮೆರಿಕದ 1998ರ ಕಾಪ್ಪಾ ಕಾಯ್ದೆಯ 13 ವರ್ಷ, ಜಿಡಿಪಿಆರ್‌ನ 16 ವರ್ಷ (ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಬಹುದು) ಇವು ಆನ್‌ಲೈನ್ ಸೇವೆಗಳಿಗೆ ಸಂಬಂಧಿಸಿದವು, ತರಗತಿಯಲ್ಲಿ ನಡೆಯುವ ಸಂಶೋಧನೆಗೆ ಅಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲರೂ ಮಕ್ಕಳು. ಮೂರು ವರ್ಷದ ಮಗುವಿನ ವಿಷಯದಲ್ಲಿ ಈ ಅಂಕಿಗಳ ಚರ್ಚೆಯೇ ಅನಗತ್ಯ. ಪೋಷಕರ ಸಮ್ಮತಿ ಎಲ್ಲಿಯೂ ಬೇಕೇ ಬೇಕು. ಶಿಕ್ಷಕಿಯವರು ಹೇಳಿದ ಅಂಗೈಯ ವಿಚಾರಕ್ಕೆ ಆಧಾರ ಬೇಕಿದ್ದರೆ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಗುವಿನ ಅಭಿಪ್ರಾಯದ ಬಗ್ಗೆ, 16ನೆಯ ವಿಧಿ ಅದರ ಖಾಸಗಿತನದ ಬಗ್ಗೆ ಹೇಳುತ್ತವೆ. ಮಾತು ಬಾರದ ಎಳೆಯ ಮಕ್ಕಳೂ ಬೇರೆ ಬಗೆಗಳಲ್ಲಿ ತಮ್ಮ ಅಭಿಪ್ರಾಯ ತಿಳಿಸುತ್ತಾರೆ ಎಂಬುದನ್ನು ಒಡಂಬಡಿಕೆಯ ಸಮಿತಿಯೇ 2005ರ ತನ್ನ ಏಳನೆಯ ಸಾಮಾನ್ಯ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ.

ಸಮ್ಮತಿ ಪತ್ರದಲ್ಲಿ ಒಂದೇ ಸಹಿಗೆ ಎಲ್ಲವನ್ನೂ ಕಟ್ಟಿಹಾಕುವುದು ನಾನು ಕಂಡ ದೊಡ್ಡ ದೋಷ. ವೀಕ್ಷಣೆಗೆ ಒಪ್ಪಿಗೆ, ಚಿತ್ರೀಕರಣಕ್ಕೆ ಒಪ್ಪಿಗೆ, ವಿಚಾರ ಸಂಕಿರಣದಲ್ಲಿ ತುಣುಕು ತೋರಿಸಲು ಒಪ್ಪಿಗೆ, ಮುಂದಿನ ಸಂಶೋಧಕರಿಗೆ ಕೊಡಲು ಒಪ್ಪಿಗೆ ಎಂದು ಬೇರೆ ಬೇರೆ ಚೌಕಗಳನ್ನು ಇಡಿ. ನಿಮ್ಮ ಐದು ಪೋಷಕರಲ್ಲಿ ಇಬ್ಬರಾದರೂ ಮೊದಲನೆಯದಕ್ಕೆ ಒಪ್ಪಿ ಎರಡನೆಯದಕ್ಕೆ ಮಾತ್ರ ಬೇಡವೆಂದಾರು. ಹಿಂದೆ ಸರಿಯುವ ಹಕ್ಕಿಗೂ ಒಂದು ದಿನಾಂಕ ಬರೆಯಿರಿ: ವಿಶ್ಲೇಷಣೆ ಮುಗಿದು ಪ್ರಬಂಧ ಸಲ್ಲಿಕೆಯಾದ ಮೇಲೆ ಒಂದು ಮಗುವಿನ ಭಾಗವನ್ನು ಬಿಡಿಸಿ ತೆಗೆಯಲಾಗುವುದಿಲ್ಲ ಎಂಬ ಸತ್ಯವನ್ನು ಮೊದಲೇ ಹೇಳುವುದು ಪ್ರಾಮಾಣಿಕತೆ. ಹಾಗೆಯೇ, ಮಗುವಿಗೆ ಅಪಾಯವಿದೆ ಎಂದು ಅನಿಸುವಂಥದ್ದೇನಾದರೂ ಕಂಡರೆ ಅಥವಾ ಕೇಳಿಸಿದರೆ ಅದನ್ನು ಗುಟ್ಟಾಗಿ ಇಡಲಾಗುವುದಿಲ್ಲ, ಸಂಬಂಧಪಟ್ಟವರಿಗೆ ತಿಳಿಸಲೇಬೇಕಾಗುತ್ತದೆ ಎಂಬ ವಾಕ್ಯವೂ ಇರಲಿ. ‘ಎಲ್ಲವೂ ಗೋಪ್ಯ’ ಎಂದು ಬರೆದುಕೊಟ್ಟು ಆಮೇಲೆ ಮಾತು ತಪ್ಪುವ ಸ್ಥಿತಿ ಯಾರಿಗೂ ಬೇಡ.

ಇನ್ನು ಮೂರನೆಯ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಪ್ರಬಂಧಕ್ಕೆ ಪದವಿ ದೊರೆತು, ಸಂಸ್ಥೆಯ ನಿಯಮದ ಅವಧಿ ಮುಗಿದ ಕೂಡಲೇ ವಿಡಿಯೊಗಳನ್ನು ಅಳಿಸಿ, ಬರಹ ರೂಪವನ್ನು ಮಾತ್ರ ಉಳಿಸಿಕೊಳ್ಳಬೇಕು. ಇಂದು ನಾಲ್ಕು ವರ್ಷದ ಮಗು ಹದಿನೆಂಟಾದಾಗ, ತಾನು ಅಳುತ್ತಾ ಇನ್ನೊಬ್ಬರನ್ನು ಕಚ್ಚಿದ ದೃಶ್ಯ ಯಾರದೋ ಹಾರ್ಡ್ ಡಿಸ್ಕಿನಲ್ಲಿದೆ ಎಂದು ತಿಳಿದರೆ ಅದಕ್ಕೆ ಸಮ್ಮತಿ ಕೊಟ್ಟವರು ತಾನಲ್ಲವಲ್ಲ.

ಉತ್ತರ: ಕಡತಪಾಲಕ

ಇಲ್ಲಿ ನನ್ನದು ಸ್ವಲ್ಪ ಭಿನ್ನ ನಿಲುವು. ಬರಹ ರೂಪದಲ್ಲಿ ‘ಮ-9 ದಿಮ್ಮಿ ಕೊಟ್ಟನು’ ಎಂದಷ್ಟೇ ಇರುತ್ತದೆ. ಕೊಡುವ ಮುನ್ನ ಎಷ್ಟು ಹೊತ್ತು ನೋಡಿದ, ಯಾರ ಮುಖ ನೋಡಿದ ಎಂಬುದು ವಿಡಿಯೊದಲ್ಲಿ ಮಾತ್ರ ಉಳಿಯುತ್ತದೆ, ಮತ್ತು ನಿಮ್ಮ ತೀರ್ಮಾನವನ್ನು ಬೇರೆಯವರು ಪರೀಕ್ಷಿಸಬೇಕಾದರೆ ಅದೇ ಬೇಕು. ನಾಲ್ಕನೆಯ ಚೌಕಕ್ಕೆ ಗುರುತು ಹಾಕಿದ ಕುಟುಂಬಗಳ ತುಣುಕುಗಳನ್ನು, ಅನುಮತಿ ಪಡೆದವರು ಅಲ್ಲಿಯೇ ಕುಳಿತು ನೋಡಬಹುದಾದ ಸಂಗ್ರಹಾಗಾರದಲ್ಲಿ ಇಡುವುದು ತಪ್ಪಲ್ಲ. ಒಂದೇ ತುಣುಕಿನಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬರ ಪೋಷಕರು ಮಾತ್ರ ಒಪ್ಪಿದ್ದರೆ ಅದು ಅಳಿಸುವ ಗುಂಪಿಗೇ ಹೋಗಬೇಕು ಎಂಬುದರಲ್ಲಿ ಮಾತ್ರ ಮೇಡಂ ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿಲ್ಲ. ಜಗಳಕ್ಕೆ ಇಬ್ಬರು ಬೇಕಾದ್ದರಿಂದ, ನಿಮ್ಮ ತುಣುಕುಗಳಲ್ಲಿ ಹೆಚ್ಚಿನವು ಆ ಗುಂಪಿಗೇ ಸೇರಬಹುದು.

ಮತ್ತೆ: ಕ್ಷೇತ್ರಪುಸ್ತಕ

ನಾಲ್ಕು ಚೌಕಗಳ ಹೊಸ ಪತ್ರ ಸಿದ್ಧವಾಯಿತು. ‘ಅನಾಮಿಕ’ ಎಂಬ ಪದವನ್ನು ಹೊಡೆದುಹಾಕಿ, ಕೀಲಿಪಟ್ಟಿ ಎಲ್ಲಿರುತ್ತದೆ, ಯಾರು ತೆರೆಯಬಹುದು, ಯಾವ ತಿಂಗಳಲ್ಲಿ ನಾಶವಾಗುತ್ತದೆ ಎಂದು ಬರೆದಿದ್ದೇನೆ. ಸೋಮವಾರ ಶಿಶುವಿಹಾರಕ್ಕೆ ಹೋಗಿ, ಕ್ಯಾಮೆರಾ ಇಲ್ಲದೆ, ಮೊದಲು ಗೋಡೆಗಳನ್ನು ನೋಡಿಕೊಂಡು ಬರುತ್ತೇನೆ.