ಮಳೆಗಾಲದಲ್ಲಿ ಹಾಳಾದ ಬಾಟಮ್ ಬ್ರಾಕೆಟ್: ಬಲಗಡೆಯ ಕಪ್ ಬಿಚ್ಚಲು ಆಗುತ್ತಿಲ್ಲ

ನಾಪೋಕ್ಲು ಸವಾರ (ಪ್ರಶ್ನೆ):

ನಾಪೋಕ್ಲಿನಿಂದ ಭಾಗಮಂಡಲಕ್ಕೆ ವಾರದಲ್ಲಿ ಮೂರು ನಾಲ್ಕು ದಿನ ಸೈಕಲ್ಲಿನಲ್ಲಿಯೇ ಹೋಗಿ ಬರುತ್ತೇನೆ, ಮಳೆಗಾಲದಲ್ಲಿಯೂ ನಿಲ್ಲಿಸುವುದಿಲ್ಲ. ನನ್ನದು ಉಕ್ಕಿನ ಫ್ರೇಮಿನ ಗೇರ್ ಸೈಕಲ್. ಕ್ರ್ಯಾಂಕ್ ಚೌಕ ತುದಿಯ ಆಕ್ಸಲ್ ಮೇಲೆ ಕೂರುತ್ತದೆ, ಒಳಗಿರುವುದು ಮುಚ್ಚಿದ ಕಾರ್ಟ್ರಿಜ್ ಬಾಟಮ್ ಬ್ರಾಕೆಟ್, ಅಂದರೆ ಆ ಆಕ್ಸಲ್ ಮತ್ತು ಅದರ ಬೇರಿಂಗುಗಳು ಒಂದೇ ಡಬ್ಬಿಯಲ್ಲಿ ಸೇರಿರುವ ಭಾಗ. ಅದನ್ನು ಜೂನ್ ಮೊದಲ ವಾರ ಹೊಸದಾಗಿ ಹಾಕಿಸಿದ್ದೆ. ಕಕ್ಕಡ ಮಾಸ (ಆಗಸ್ಟ್ ಮಧ್ಯ) ಮುಗಿಯುವಷ್ಟರಲ್ಲಿ ಏರು ಹತ್ತುವಾಗ ಪ್ರತಿ ತುಳಿತಕ್ಕೂ ಕಟಕಟ ಸದ್ದು ಶುರುವಾಯಿತು. ಈಗ ಕ್ರ್ಯಾಂಕ್ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿದರೆ ಆಟ ಕೈಗೆ ತಿಳಿಯುತ್ತದೆ. ಉಪಕರಣ ತರಿಸಿ ನಾನೇ ಬಿಚ್ಚಲು ಕುಳಿತೆ. ಅದನ್ನು ಫ್ರೇಮಿಗೆ ಹಿಡಿದಿಡುವ ಥ್ರೆಡ್ ಇರುವ ಬಳೆಗಳಲ್ಲಿ, ಅಂದರೆ ಕಪ್ಪುಗಳಲ್ಲಿ, ಎಡಗಡೆಯದು ಸುಲಭವಾಗಿ ಬಂತು. ಬಲಗಡೆಯದು ಜಪ್ಪಯ್ಯ ಎಂದರೂ ಕದಲುತ್ತಿಲ್ಲ, ಉಪಕರಣ ಎರಡು ಸಲ ಜಾರಿ ಕಪ್ಪಿನ ಹಲ್ಲುಗಳ ಅಂಚು ಸ್ವಲ್ಪ ಸವೆದಿದೆ. ನಾನು ತಿರುಗಿಸುತ್ತಿರುವ ದಿಕ್ಕು ಸರಿಯೇ? ಮುಚ್ಚಿದ ಬೇರಿಂಗ್ ಮೂರೇ ತಿಂಗಳಲ್ಲಿ ಹೋಗಲು ಕಾರಣವೇನು?

ಕುಶಾಲನಗರದ ಮೆಕ್ಯಾನಿಕ್:

ಎಡಗಡೆಯದನ್ನು ಬಿಚ್ಚಿದಂತೆಯೇ ಬಲಗಡೆಯದನ್ನೂ ಅದರ ಎದುರು ಕುಳಿತು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದ್ದೀರಿ ಎಂದು ತೋರುತ್ತದೆ. ಹಾಗಿದ್ದರೆ ಇಷ್ಟು ಹೊತ್ತು ನೀವು ಅದನ್ನು ಬಿಗಿ ಮಾಡುತ್ತಿದ್ದಿರಿ. ನಮ್ಮಲ್ಲಿ ಬರುವ ಥ್ರೆಡ್ ಇರುವ ಫ್ರೇಮುಗಳಲ್ಲಿ ಬಹುತೇಕ ಬಿಎಸ್‌ಎ ಎಂಬ ಅಳತೆಯವು: ಶೆಲ್ಲಿನ (ಬಾಟಮ್ ಬ್ರಾಕೆಟ್ ಕೂರುವ ಫ್ರೇಮಿನ ಕೊಳವೆಯ) ಅಗಲ 68 ಅಥವಾ 73 ಮಿ.ಮೀ., ಇಂಚಿಗೆ 24 ಎಳೆ. ಇವುಗಳಲ್ಲಿ ಎಡಗಡೆಯ ಕಪ್ಪಿಗೆ ಮಾಮೂಲಿ ಬಲಮುರಿ ಥ್ರೆಡ್ (ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವುದು), ಚೈನ್ ಇರುವ ಬಲಗಡೆಯ ಕಪ್ಪಿಗೆ ಎಡಮುರಿ ಥ್ರೆಡ್. ಅಂಗಡಿಗಳಲ್ಲಿ ಇದನ್ನೇ ಉಲ್ಟಾ ಥ್ರೆಡ್ ಎನ್ನುತ್ತೇವೆ. ತುಳಿಯುವಾಗ ಬೇರಿಂಗಿನ ಮೇಲೆ ಬೀಳುವ ಭಾರ ಸುತ್ತುತ್ತ ಹೋಗುವುದರಿಂದ ಕಪ್ ತನ್ನ ಗೂಡಿನೊಳಗೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಆಕ್ಸಲ್ಲಿನ ವಿರುದ್ಧ ದಿಕ್ಕಿಗೆ ಸರಿಯಲು ನೋಡುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇಟ್ಟರೆ ಅದು ತುಳಿಯುತ್ತ ತುಳಿಯುತ್ತ ತಾನಾಗಿ ಸಡಿಲವಾಗುತ್ತದೆ. ಎರಡೂ ಕಡೆ ಬಲಮುರಿ ಇರುವ ಇಟಾಲಿಯನ್ ಅಳತೆಯ ಫ್ರೇಮುಗಳಲ್ಲಿ ಈ ತೊಂದರೆ ಹಳೆಯದು.

ನೆನಪಿಡಲು ಒಂದು ಸುಲಭ ದಾರಿ ಇದೆ. ಸೈಕಲನ್ನು ನೇರವಾಗಿ ನಿಲ್ಲಿಸಿ, ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಿಡಿಯಿರಿ. ಹಿಡಿಯನ್ನು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಕಪ್ಪುಗಳು ಸಡಿಲವಾಗುತ್ತವೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಗಿಯಾಗುತ್ತವೆ.

ಹಲ್ಲು ಸವೆದಿರುವುದರಿಂದ ಇನ್ನು ಮುಂದೆ ಉಪಕರಣ ಒಂದು ಸಲವೂ ಜಾರಬಾರದು. ಕ್ರ್ಯಾಂಕಿನ ಬೋಲ್ಟನ್ನೇ ದೊಡ್ಡ ವಾಷರ್ ಸಮೇತ ಆಕ್ಸಲ್ಲಿನ ತುದಿಗೆ ಹಾಕಿ, ಉಪಕರಣ ಹಲ್ಲುಗಳಿಗೆ ಒತ್ತಿ ಕೂತು ಹೊರಕ್ಕೆ ಬರಲಾಗದಂತೆ ಮಾಡಿ. ಕಪ್ ತಿರುಗಲು ಶುರುವಾದ ಕೂಡಲೇ ಆ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಕಪ್ಪಿನ ಅಂಚಿಗೂ, ಎಡಗಡೆ ತೆರೆದಿರುವುದರಿಂದ ಒಳಗಿನಿಂದಲೂ ಬಿಟ್ಟಿರಿ. ಉದ್ದ ಹಿಡಿ ಇರಲಿ, ಒಬ್ಬರು ಸೈಕಲ್ ಹಿಡಿದಿರಲಿ. ಸುತ್ತಿಗೆಯಿಂದ ಹೊಡೆಯಬೇಡಿ.

ಹೊಸದನ್ನು ಕೂರಿಸುವಾಗ ಶೆಲ್ಲಿನ ಥ್ರೆಡ್ಡನ್ನು ಹಳೆಯ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಿಂದ ಚೆನ್ನಾಗಿ ಉಜ್ಜಿ, ಒರೆಸಿ, ನೀರಿಗೆ ತೊಳೆದುಹೋಗದ ಗ್ರೀಸನ್ನು ಧಾರಾಳವಾಗಿ ಹಚ್ಚಿ. ಬಲಗಡೆಯಿಂದ ಕಾರ್ಟ್ರಿಜ್ಜನ್ನು ಬರಿಗೈಯಲ್ಲಿ ತಿರುಗಿಸಿದಾಗ ಅದು ಹಲವು ಸುತ್ತು ಒಳಗೆ ಹೋಗಬೇಕು. ಎರಡನೆಯ ಸುತ್ತಿಗೇ ಬಿಗಿಯಾದರೆ ಎಳೆ ತಪ್ಪಿದೆ ಎಂದು ತಿಳಿದು ಹಿಂದಕ್ಕೆ ತೆಗೆಯಿರಿ. ಅದರ ಅಂಚು ಶೆಲ್ಲಿಗೆ ತಾಗಿದ ಮೇಲೆ ಎಡಗಡೆಯ ಕಪ್ ಹಾಕಿ. ಶಿಮಾನೊ ಕಾರ್ಟ್ರಿಜ್ಜುಗಳಿಗೆ ಬಿಗಿತ 50ರಿಂದ 70 ನ್ಯೂಟನ್ ಮೀಟರ್. ಟಾರ್ಕ್ ಸ್ಪ್ಯಾನರ್ ಇಲ್ಲದವರು ಹೀಗೆ ಲೆಕ್ಕ ಹಾಕಬಹುದು: 25 ಸೆಂ.ಮೀ. ಉದ್ದದ ಹಿಡಿಯ ತುದಿಗೆ 20 ಕಿಲೋ ತೂಕದಷ್ಟು ಬಲ ಹಾಕಿದರೆ ಸುಮಾರು 50 ನ್ಯೂಟನ್ ಮೀಟರ್ ಆಗುತ್ತದೆ. ಜನರು ಅಂದುಕೊಳ್ಳುವುದಕ್ಕಿಂತ ಇದು ಬಹಳ ಬಿಗಿ, ಮತ್ತು ನಮ್ಮ ಅಂಗಡಿಗೆ ಬರುವ ಸದ್ದಿನ ಸೈಕಲ್ಲುಗಳಲ್ಲಿ ಬಿಗಿ ಸಾಲದ ಕಪ್ಪುಗಳೇ ಹೆಚ್ಚು.

ಗೋಣಿಕೊಪ್ಪದಿಂದ:

ಮೇಲಿನ ವಿವರಣೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ಮುಂದಿನ ಚಕ್ರದ ಕಡೆಗೆ’ ಎಂಬ ಸೂತ್ರ ಸೈಕಲ್ ನೇರವಾಗಿ ನಿಂತಿರುವಾಗ ಮಾತ್ರ ಸರಿ. ನಮ್ಮಲ್ಲಿ ಹೆಚ್ಚಿನವರು ಸೈಕಲನ್ನು ತಲೆಕೆಳಗು ಮಾಡಿ ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ ಕೆಲಸ ಮಾಡುತ್ತಾರೆ. ಆಗ ಮೇಲ್ಮುಖವಾದ ಹಿಡಿಯನ್ನು ಹಿಂದಿನ ಚಕ್ರದ ಕಡೆಗೆ ತಳ್ಳಬೇಕಾಗುತ್ತದೆ. ಇದೇ ಗೊಂದಲದಲ್ಲಿ ನಾನೊಮ್ಮೆ ಒಂದು ಕಪ್ಪಿನ ಹಲ್ಲುಗಳನ್ನು ಪೂರ್ತಿ ಕಳೆದುಕೊಂಡಿದ್ದೇನೆ.

ಮಡಿಕೇರಿ, ಕಾಫಿ ಬೆಳೆಗಾರ:

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಮೂರು ವರ್ಷ ಸತತವಾಗಿ ಒಂದೊಂದು ಬಾಟಮ್ ಬ್ರಾಕೆಟ್ ಕಳೆದುಕೊಂಡ ಮೇಲೆ ನನಗೆ ಕಾರಣ ತಿಳಿಯಿತು. ರಸ್ತೆಯಿಂದ ಸಿಡಿಯುವ ನೀರೇ ಅದನ್ನು ಕೆಡಿಸುತ್ತದೆ ಎಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚಿನ ನೀರು ಬರುವುದು ಮೇಲಿನಿಂದ. ಹಿಂದಿನ ಚಕ್ರ ಎರಚುವ ನೀರು ಸೀಟಿನ ಕೆಳಗಿರುವ ಕ್ಲಾಂಪಿನ ಸೀಳಿನಲ್ಲಿ ಇಳಿದು, ಸೀಟ್ ಟ್ಯೂಬಿನ ಗೋಡೆಗುಂಟ ಜಾರಿ, ಫ್ರೇಮಿನ ಅತ್ಯಂತ ತಗ್ಗಿನ ಜಾಗವಾದ ಬಾಟಮ್ ಬ್ರಾಕೆಟ್ ಶೆಲ್ಲಿನಲ್ಲಿ ನಿಲ್ಲುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕಡೆ, ತಿಂಗಳುಗಟ್ಟಲೆ ಆರದ ನೀರಿನಲ್ಲಿ ಮುಳುಗಿ ಕುಳಿತರೆ ಮುಚ್ಚಿದ ಬೇರಿಂಗಿನ ರಬ್ಬರ್ ಸೀಲ್ ಕೂಡ ಎಷ್ಟು ದಿನ ತಡೆದೀತು?

ಶೆಲ್ಲಿನ ತಳದಲ್ಲಿ ನೀರು ಇಳಿಯುವ ತೂತು ಇದೆಯೇ ನೋಡಿ. ಇದ್ದರೆ ಅದರಲ್ಲಿ ಕೆಮ್ಮಣ್ಣು ಕಟ್ಟಿಕೊಂಡಿರುತ್ತದೆ, ತಂತಿಯಿಂದ ಬಿಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸೀಟ್ ಪೋಸ್ಟ್ ಹೊರತೆಗೆದು ಸೈಕಲನ್ನು ತಲೆಕೆಳಗಾಗಿಸಿ ನೀರು ಬಸಿಯಿರಿ, ಪೋಸ್ಟಿಗೆ ಗ್ರೀಸ್ ಹಚ್ಚಿ ಮರಳಿ ಹಾಕಿ. ಕ್ಲಾಂಪಿನ ಸೀಳಿನ ಮೇಲೆ ಹಳೆಯ ಟ್ಯೂಬಿನ ತುಂಡೊಂದನ್ನು ಬಳೆಯಂತೆ ತೊಡಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ತೋಟದ ಸವಾರರಿಗೆ ಇನ್ನೊಂದು ಮಾತು: ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನಿಂದ ಸೈಕಲ್ ತೊಳೆಯಬೇಡಿ. ಆ ಒತ್ತಡದ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ, ಜೊತೆಗೆ ಪೈಪಿನಲ್ಲಿ ಉಳಿದ ಮೈಲುತುತ್ತ ಉಕ್ಕನ್ನು ತಿನ್ನುತ್ತದೆ. ಬಕೆಟ್ ನೀರು, ಬಟ್ಟೆ ಸಾಕು.

ನಾಪೋಕ್ಲು ಸವಾರ:

ಎಲ್ಲರಿಗೂ ಧನ್ಯವಾದಗಳು. ದಿಕ್ಕು ತಪ್ಪಿದ್ದು ನಿಜ. ರಾತ್ರಿ ಎಣ್ಣೆ ಬಿಟ್ಟು, ಬೆಳಿಗ್ಗೆ ಬೋಲ್ಟ್ ಮತ್ತು ವಾಷರಿನಿಂದ ಉಪಕರಣವನ್ನು ಬಂಧಿಸಿ, ತಮ್ಮನಿಗೆ ಸೈಕಲ್ ಹಿಡಿಯಲು ಹೇಳಿ ಮುಂದಕ್ಕೆ ತಳ್ಳಿದಾಗ ಒಂದೇ ಸಲ ‘ಟಕ್’ ಎಂದು ಬಿಟ್ಟಿತು. ಒಳಗಿನಿಂದ ಅರ್ಧ ಲೋಟದಷ್ಟು ಕೆಂಪು ನೀರು ಸುರಿಯಿತು. ತಳದಲ್ಲಿ ತೂತು ಇತ್ತು, ಮಣ್ಣಿನಿಂದ ಮುಚ್ಚಿಹೋಗಿತ್ತು. ಥ್ರೆಡ್ ಹಾಳಾಗಿಲ್ಲ. ಹಳೆಯದರ ಮೈಮೇಲೆ 68 (ಶೆಲ್ಲಿನ ಅಗಲ) ಮತ್ತು 122.5 (ಆಕ್ಸಲ್ಲಿನ ಉದ್ದ, ಮಿ.ಮೀ.) ಎಂಬ ಅಂಕಿಗಳಿವೆ. ಪೇಟೆಯಲ್ಲಿ 113ರ ಆಕ್ಸಲ್ ಮಾತ್ರ ಸಿಗುತ್ತಿದೆ, ಅದನ್ನು ಹಾಕಬಹುದೇ?

ಕುಶಾಲನಗರದ ಮೆಕ್ಯಾನಿಕ್:

ಹಾಕಬೇಡಿ. ಒಟ್ಟು 9.5 ಮಿ.ಮೀ. ಕಡಿಮೆಯಾದರೆ ಬಲಗಡೆಯ ಕ್ರ್ಯಾಂಕ್ ಸುಮಾರು 4.75 ಮಿ.ಮೀ. ಒಳಕ್ಕೆ ಬರುತ್ತದೆ, ಚಿಕ್ಕ ಹಲ್ಲುಚಕ್ರ ಫ್ರೇಮಿಗೆ ಉಜ್ಜಬಹುದು, ಚೈನಿನ ಸಾಲೂ ಓರೆಯಾಗುತ್ತದೆ. 122.5ನ್ನೇ ತರಿಸಿ, ಅಲ್ಲಿಯವರೆಗೆ ಶೆಲ್ಲನ್ನು ಒಣಗಿಸಿ ಒಳಗೆ ಗ್ರೀಸ್ ಸವರಿ ಇಡಿ. ಕ್ರ್ಯಾಂಕ್ ಹಾಕಿ ಮೊದಲ ಸವಾರಿ ಮುಗಿಸಿದ ಮೇಲೆ ಅದರ ಬೋಲ್ಟುಗಳು ಬಿಗಿಯಾಗಿಯೇ ಇವೆಯೇ ಎಂದು ನೋಡಿ, ಏಕೆಂದರೆ ಸಡಿಲ ಕ್ರ್ಯಾಂಕ್ ತುಳಿದರೆ ಅದರ ಚೌಕ ತೂತು ಗುಂಡಗಾಗುತ್ತದೆ, ಮತ್ತೆ ಅದನ್ನು ಸರಿಪಡಿಸಲು ಬರುವುದಿಲ್ಲ.